ಗುಜರಿ ಡಿವಿಡಿ ಡ್ರೈವು, ಹದಿಮೂರು ಪಿನ್ನು ಮತ್ತು ದೊಡ್ಡಪ್ಪನ ಮದ್ದಳೆ

ಶಿರಸಿ ದೊಡ್ಡಮ್ಮ ತೊಡೆದೇವು ಡಬ್ಬಿ ಕಳಿಸಿದ್ರು, ಅದರ ಅಡಿಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಒಂದು ಡಿವಿಡಿ. ಮೇಲೆ ಮಾರ್ಕರ್ ಪೆನ್ನಲ್ಲಿ "ಆಟ 2008" ಅಂತ ಬರ್ದದ್ದು ಅರ್ಧ ಅಳಿಸಿ ಹೋಗಿತ್ತು, ಆಟ ಅಂದ್ರೆ ಯಕ್ಷಗಾನ. ಫೋನ್ ಮಾಡಿದ್ರೆ "ಅದ್ರಲ್ಲಿ ನಿನ್ನ ದೊಡ್ಡಪ್ಪ ಮದ್ದಳೆ ಬಾರ್ಸಿದ್ದು ಇದ್ದು, ಕಾಣ್ತಾ ನೋಡಾ ತಮಾ" ಅಂದ್ರು. ಕುಮಟಾದಲ್ಲಿ ನಮ್ಮನೆಯಲ್ಲಿ ಈಗ ಮೂರು ಲ್ಯಾಪ್‌ಟಾಪ್ ಅದೆ, ಒಂದರಲ್ಲೂ ಡಿಸ್ಕ್ ಹಾಕೋ ಬಾಯಿ ಇಲ್ಲ. ಟಿವಿ ಕೆಳಗಿದ್ದ ಡಿವಿಡಿ ಪ್ಲೇಯರು ಹೋದ ಮಳೆಗಾಲದಲ್ಲೇ ಸತ್ತಿದೆ.

ಅಂಗಡಿಯಲ್ಲಿ ಯುಎಸ್‌ಬಿ ಡಿವಿಡಿ ಡ್ರೈವ್ ಸಿಗ್ತದೆ, ಹೊಸದು ತಗೊಂಡಿದ್ರೆ ಈ ಕತೆ ಅಲ್ಲೇ ಮುಗೀತಿತ್ತು, ಅದು ನಂಗೂ ಗೊತ್ತು, ಮನೆಯಲ್ಲಿ ಎಲ್ಲರೂ ಹೇಳಿಯೂ ಆಗಿದೆ. ಆದ್ರೆ ಅದೇ ವಾರ ಕಾರವಾರಕ್ಕೆ ಹೋಗೋ ಕೆಲಸ ಇತ್ತು, ಅಲ್ಲಿ ಒಂದು ರಿಪೇರಿ ಅಂಗಡಿಯಲ್ಲಿ ಕೂತ್ಕೊಂಡಿರುವಾಗ ಮೇಜಿನ ಕೆಳಗೆ ಒಂದು ರಟ್ಟಿನ ಬಾಕ್ಸ್ ಕಾಣ್ತು, ಒಳಗೆ ಬರೇ ಲ್ಯಾಪ್‌ಟಾಪಿಂದ ಕಿತ್ತ ಡಿವಿಡಿ ಡ್ರೈವುಗಳು. ಎಂಟು ಇತ್ತು. ಎಲ್ಲಾ ಸೇರಿ ಇನ್ನೂರೈವತ್ತು ರೂಪಾಯಿ ಅಂದ್ರು, ಜತೆಗೆ ಸಿಡಿಲಿಗೆ ಬೋರ್ಡ್ ಸುಟ್ಟು ಹೋದ ಒಂದು ಲ್ಯಾಪ್‌ಟಾಪಿನ ಖಾಲಿ ಬಾಡಿ ಫ್ರೀ. ಚೀಲಕ್ಕೆ ಹಾಕ್ಕೊಂಡು ರೈಲು ಹತ್ತಿದೆ.

ರೈಲಲ್ಲೇ ಒಂದೊಂದಾಗಿ ತೆಗ್ದು ಹಿಂದಿನ ಬದಿ ನೋಡ್ತಾ ಬಂದೆ, ಗೋಕರ್ಣ ರೋಡ್ ದಾಟುವಷ್ಟರಲ್ಲಿ ಎರಡು ಗುಂಪು ಆಗಿತ್ತು. ಎದುರಿಗೆ ಕೂತ ಅಜ್ಜ "ಇದೆಂತ ಮಾರಾಯ, ಕೇರಂ ಬೋರ್ಡಿಂದಾ" ಅಂತ ಕೇಳಿದ್ರು.

ಗುಂಪು ಮಾಡಿದ್ದು ಹೇಗೆ ಅಂದ್ರೆ, ಹಿಂಬದಿಯಲ್ಲಿ ಎರಡು ಸಪೂರ ನಾಲಿಗೆ ಕಾಣ್ತದೆ, ಮಧ್ಯೆ ಒಂದು ಸಂದು, ಒಂದು ನಾಲಿಗೆ ಸ್ವಲ್ಪ ಉದ್ದ, ಇನ್ನೊಂದು ಗಿಡ್ಡ, ಇದಾದ್ರೆ ಸ್ಲಿಮ್‌ಲೈನ್ ಸಾಟಾ, ಅಂದ್ರೆ ಡ್ರೈವನ್ನ ಕಂಪ್ಯೂಟರಿಗೆ ಜೋಡಿಸೋ ಸಾಟಾ ಅನ್ನೋ ಪದ್ಧತಿಯ ಸಪೂರ ರೂಪ. ಉದ್ದದ್ದು ಡೇಟಾ, 7 ಕಾಂಟ್ಯಾಕ್ಟು. ಗಿಡ್ಡದ್ದು ಪವರ್, 6 ಕಾಂಟ್ಯಾಕ್ಟು. ಒಟ್ಟು 13. ಹಾರ್ಡ್ ಡಿಸ್ಕಿಂದೂ ಹೆಚ್ಚುಕಡಿಮೆ ಹೀಗೇ ಕಾಣೋದು, ಅಲ್ಲಿ ಡೇಟಾ ಅದೇ 7, ಆದ್ರೆ ಪವರ್ ನಾಲಿಗೆ ಉದ್ದ, 15 ಕಾಂಟ್ಯಾಕ್ಟು, ಒಟ್ಟು 22. ಇದರ ಮಧ್ಯೆ 7 ಮತ್ತೆ 9 ಅಂತ ಇನ್ನೊಂದು ಜಾತಿಯೂ ಇದೆ, ಅದು 1.8 ಇಂಚಿನ ಪುಟ್ಟ ಡಿಸ್ಕುಗಳದ್ದು, ಡಿವಿಡಿ ಡ್ರೈವಲ್ಲಿ ಬರೋದಿಲ್ಲ, ಆದ್ರೆ ಅಡಾಪ್ಟರ್ ತರಿಸುವಾಗ ಫೋಟೋ ನೋಡಿ ಅದನ್ನ ತರಿಸಿಬಿಡೋರು ಇದ್ದಾರೆ. ಹಾಗಾಗಿ ಫೋಟೋ ನೋಡಿ ತೀರ್ಮಾನ ಮಾಡೋದಲ್ಲ, ಕಾಂಟ್ಯಾಕ್ಟ್ ಎಣಿಸಿ. ಎಣಿಸೋಕೆ ಕಣ್ಣು ಸಾಲದಿದ್ರೆ ಫೋನಲ್ಲಿ ಜೂಮ್ ಮಾಡಿ ಫೋಟೋ ತೆಗೀರಿ.

ಇನ್ನೊಂದು ಗುಂಪು ಹಳೇ ಐಡಿಇ, ಸಾಟಾಕ್ಕಿಂತ ಮೊದಲಿದ್ದ ಪದ್ಧತಿ. ಒಂದೇ ಉದ್ದದ ಕನೆಕ್ಟರು, ಎರಡು ಸಾಲು, ಒಟ್ಟು 50 ಕಾಂಟ್ಯಾಕ್ಟು, ಒಂದಕ್ಕೂ ಒಂದಕ್ಕೂ 0.8 ಎಂಎಂ ದೂರ. ಡೆಸ್ಕ್‌ಟಾಪಿನ 40 ಪಿನ್ನಿನ ಅಗಲ ಪಟ್ಟಿ ಕೇಬಲ್ 2.54 ಎಂಎಂ ಲೆಕ್ಕದ್ದು, ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನ 44 ಪಿನ್ನು 2 ಎಂಎಂ ಲೆಕ್ಕದ್ದು. ಮೂರೂ ಐಡಿಇಯೇ, ಒಂದು ಇನ್ನೊಂದಕ್ಕೆ ಕೂರೋದಿಲ್ಲ.

ನನ್ನ ಎಂಟರಲ್ಲಿ ಐದು ಸಾಟಾ, ಎರಡು ಐಡಿಇ. ಉಳಿದ ಒಂದರ ಹಿಂದೆ ನಾನು ಎಲ್ಲೂ ನೋಡದ ಒಂದು ಅಗಲ ಕನೆಕ್ಟರ್ ಇತ್ತು, ಇದು ಯಾವುದೋ ಕಂಪನಿಯ ಸ್ವಂತದ್ದು, ನಮಗೆ ದಕ್ಕೋದಲ್ಲ ಅಂತ ಬದಿಗೆ ಇಟ್ಟಿದ್ದೆ. ಮನೆಗೆ ಬಂದು ಚಾ ಕುಡೀತಾ ತಿರುಗಿಸಿ ನೋಡ್ತೇನೆ, ಆ ಕನೆಕ್ಟರ್ ಡ್ರೈವಿಂದಲ್ಲ, ಅದರ ಹಿಂದೆ ಎರಡು ಪುಟಾಣಿ ಸ್ಕ್ರೂ ಹಾಕಿ ಕೂರಿಸಿದ ಇನ್ನೊಂದು ತುಂಡು ಬೋರ್ಡಿಂದು. ಸ್ಕ್ರೂ ಬಿಚ್ಚಿ ನೆಟ್ಟಗೆ ಹಿಂದಕ್ಕೆ ಎಳೆದ್ರೆ ಅದು ಕಳಚಿ ಬಂತು, ಕೆಳಗೆ ಮಾಮೂಲಿ 50 ಪಿನ್ನು! ಲ್ಯಾಪ್‌ಟಾಪ್ ಕಂಪನಿಗಳು ಹೆಚ್ಚಿನವು ಡ್ರೈವ್ ತಾವು ಮಾಡೋದಿಲ್ಲ, ಹೊರಗಿಂದ ತಗೊಂಡು ತಮ್ಮ ಗೂಡಿಗೆ ಸರಿಯಾಗೋ ಹಾಗೆ ಹಿಂದೆ ಒಂದು ತುಂಡು, ಮುಂದೆ ಒಂದು ಪ್ಲಾಸ್ಟಿಕ್ ಮುಖ, ಬದಿಗೆ ಒಂದು ತಗಡಿನ ಕಿವಿ ಹಾಕ್ತಾರೆ ಅಷ್ಟೇ. ಅದನ್ನೆಲ್ಲ ಕಳಚಿದ್ರೆ ಒಳಗಿನ ಜೀವ ಒಂದೇ. ದಪ್ಪ ಮಾತ್ರ ನೋಡ್ಕೊಳ್ಳಿ, 12.7 ಎಂಎಂ ಒಂದು, 9.5 ಎಂಎಂ ಒಂದು, ಇತ್ತೀಚಿನದ್ರಲ್ಲಿ 9 ಎಂಎಂ ಕೂಡ ಅದೆ. ಹೊರಗಿಟ್ಟು ಓಡಿಸೋದಾದ್ರೆ ದಪ್ಪ ಎಷ್ಟಿದ್ರೂ ನಡೀತದೆ, ಇನ್ನೊಂದು ಲ್ಯಾಪ್‌ಟಾಪಿಗೆ ಹಾಕೋದಾದ್ರೆ ಮಾತ್ರ ತಲೆಬಿಸಿ.

ನಮ್ಮ ಕಡೆ ಡ್ರೈವುಗಳ ಮೊದಲ ಸಮಸ್ಯೆ ಕನೆಕ್ಟರ್ ಜಾತಿಯಲ್ಲ, ಕಿಲುಬು. ಸಮುದ್ರದ ಗಾಳಿಗೆ ಎರಡು ಡ್ರೈವಿನ ಕಾಂಟ್ಯಾಕ್ಟ್ ಮೇಲೆ ಹಸಿರು ಪುಡಿ ಕೂತಿತ್ತು, ಒಂದರ ತಗಡು ಅಂಚಿನಲ್ಲಿ ತುಕ್ಕು. ಐಸೊಪ್ರೊಪೈಲ್ ಆಲ್ಕೋಹಾಲು, ಹಳೇ ಹಲ್ಲುಜ್ಜೋ ಬ್ರಷ್ಷು, ಅದಕ್ಕೂ ಹೋಗದೇ ಇದ್ದ ಜಾಗಕ್ಕೆ ಮಕ್ಕಳ ಪೆನ್ಸಿಲ್ ರಬ್ಬರು. ಮರಳುಕಾಗದ ಮಾತ್ರ ಹಾಕ್ಬೇಡಿ, ಮೇಲಿನ ಚಿನ್ನದ ಲೇಪ ಹೋದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಹಸಿರು.

ಕೆಲಸದ ಮೊದಲ ಹೆಜ್ಜೆ ನೆಲ ಹುಡುಕೋದು, ಅಂದ್ರೆ ಗ್ರೌಂಡು. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒಂದು ಕಡ್ಡಿ ಡ್ರೈವಿನ ತಗಡಿನ ಮೇಲೆ, ಇನ್ನೊಂದು ಕಡ್ಡಿ ಒಂದೊಂದೇ ಕಾಂಟ್ಯಾಕ್ಟಿಗೆ. ತಗಡಿಗೆ ಬಣ್ಣ, ತುಕ್ಕು ಇದ್ರೆ ಬೀಪ್ ಬರೋದಿಲ್ಲ, ಯಾವುದಾದ್ರೂ ಸ್ಕ್ರೂ ತಲೆ ಮೇಲೆ ಇಡಿ. ಸಾಟಾದಲ್ಲಿ ಡೇಟಾ ನಾಲಿಗೆಯ ಎರಡು ತುದಿ ಮತ್ತೆ ನಟ್ಟನಡು ಬೀಪ್ ಆಗ್ಬೇಕು, ಅಂದ್ರೆ ಎಸ್1, ಎಸ್4, ಎಸ್7 (ಡೇಟಾ ಕಾಂಟ್ಯಾಕ್ಟಿನ ನಂಬರಿಗೆ ಎಸ್, ಪವರಿನದ್ದಕ್ಕೆ ಪಿ). ಪವರ್ ನಾಲಿಗೆಯಲ್ಲಿ ಡೇಟಾದಿಂದ ದೂರದ ತುದಿಯ ಎರಡು ಬೀಪ್ ಆಗ್ತದೆ, ಪಿ5, ಪಿ6. ಅಲ್ಲಿಗೆ ಯಾವುದು ಎಡ ಯಾವುದು ಬಲ ಅಂತ ಸಂಶಯ ಇರೋದಿಲ್ಲ. ಇನ್ನು ಪಿ2, ಪಿ3 ಎರಡೂ 5 ವೋಲ್ಟು, ಅವೆರಡರ ಮಧ್ಯೆ ಬೀಪ್ ಬರ್ತದೆ, ತಗಡಿಗೆ ಬರ್ಬಾರದು. ಬಂದ್ರೆ ಆ ಡ್ರೈವು ಒಳಗೆ ಶಾರ್ಟ್, ಕರೆಂಟ್ ಕೊಡ್ಬೇಡಿ. ನನ್ನ ಐದರಲ್ಲಿ ಒಂದು ಹಾಗೇ ಹೋಯ್ತು. ಪಿ1 ಅಂದ್ರೆ "ಡ್ರೈವ್ ಇದೆ" ಅಂತ ಲ್ಯಾಪ್‌ಟಾಪಿಗೆ ಹೇಳೋ ಪಿನ್ನು, ಅದರಿಂದ ಗ್ರೌಂಡಿಗೆ ಓಮ್‌ನಲ್ಲಿ ನೋಡಿದ್ರೆ ಸಾವಿರದ ಆಸುಪಾಸು ತೋರಿಸ್ತದೆ. ಪಿ4 ಕಂಪನಿಯವರ ಟೆಸ್ಟಿಂಗಿಗೆ ಇಟ್ಟದ್ದು, ಆಮೇಲಿನ ಲ್ಯಾಪ್‌ಟಾಪುಗಳಲ್ಲಿ ಮಲಗಿದ ಡ್ರೈವಿನ ಬಟನ್ ಒತ್ತಿದ್ದು ತಿಳಿಸೋಕೂ ಅದನ್ನೇ ಬಳಸಿದ್ರು. ನಮಗೆ ಪಿ1, ಪಿ4 ಎರಡೂ ಬೇಡ, ಹಾಗೇ ಬಿಟ್ಟುಬಿಡೋದು.

ಡೇಟಾ ಜೋಡಿಸೋ ಮೊದಲು ಬರೇ ಪವರ್ ಕೊಟ್ಟು ನೋಡಿ. ಹೆಚ್ಚಿನ ಸ್ಲಿಮ್ ಡ್ರೈವುಗಳಿಗೆ 5 ವೋಲ್ಟ್ ಸಿಕ್ರೆ ಸಾಕು, ಲೈಟ್ ಮಿಣುಕ್ತದೆ, ಬಟನ್ ಒತ್ತಿದ್ರೆ ಟಕ್ ಅಂತ ಟ್ರೇ ಬಿಡ್ತದೆ, ಡಿಸ್ಕ್ ಹಾಕಿದ್ರೆ ತಿರುಗಿಸಿ ನೋಡ್ತದೆ. ಇಷ್ಟು ಮಾಡದ ಡ್ರೈವಿಗೆ ಡೇಟಾ ತಂತಿ ಎಳೆಯೋದು ದಂಡ.

ಇಲ್ಲಿ ನನ್ನ ಮೊದಲ ಪೆಟ್ಟು. ಹಾಳಾದ ಚಾರ್ಜರ್ ಕೇಬಲ್ ಕತ್ತರಿಸಿ ಕೆಂಪು ಕಪ್ಪು ತಂತಿ ಪಿ2 ಪಿ3 ಮತ್ತೆ ಪಿ5 ಪಿ6ಗೆ ಬೆಸೆದು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಚುಚ್ಚಿದೆ, ಲೈಟ್ ಬಂತು, ಟ್ರೇ ಬಂತು, ಖುಷಿಯಾಯ್ತು. ಡಿಸ್ಕ್ ಹಾಕಿದ ಕೂಡ್ಲೇ ಗುಂಯ್ ಅಂತ ಶುರುವಾಗಿ ಅರ್ಧದಲ್ಲಿ ಸುಸ್ತಾಗಿ ನಿಲ್ತದೆ, ಮತ್ತೆ ಲೈಟ್ ಮಿಣುಕ್ತದೆ, ಮತ್ತೆ ಗುಂಯ್. ಡ್ರೈವೇ ಹಾಳು ಅಂತ ಇನ್ನೊಂದು ಹಾಕಿದ್ರೆ ಅದೂ ಹಾಗೇ. ಮೂರನೇದೂ ಹಾಗೇ ಆದ್ಮೇಲೆ ಬುದ್ಧಿ ಬಂದು ಮೀಟರನ್ನ ಕನೆಕ್ಟರ್ ಹತ್ತಿರವೇ ಇಟ್ಟು ನೋಡಿದೆ, ಸುಮ್ನೆ ಇರುವಾಗ 4.9, ಡಿಸ್ಕ್ ತಿರುಗೋಕೆ ಹೊರಟಾಗ 4.3ಕ್ಕೆ ಇಳೀತಿತ್ತು. ಐದರ ಲೆಕ್ಕದಲ್ಲಿ ಶೇಕಡಾ ಐದು ಅಂದ್ರೆ 4.75ಕ್ಕಿಂತ ಕೆಳಗೆ ಬಿದ್ರೆ ಇವು ಓಡೋ ಗ್ಯಾರಂಟಿ ಇಲ್ಲ. ಡ್ರೈವಿನ ಮೇಲಿನ ಚೀಟಿಯಲ್ಲಿ 5 ವೋಲ್ಟ್ 1.5 ಆಂಪ್ ಅಂತ ಸ್ಪಷ್ಟ ಬರ್ದಿತ್ತು, ನಾನು ಓದ್ಲಿಲ್ಲ. ಯುಎಸ್‌ಬಿ 2.0 ಕೊಡೋದು ಅರ್ಧ ಆಂಪು, 3.0 ಆದ್ರೆ 0.9. ಅಂಗಡಿಯ ಹಳೇ ಹೊರಗಿನ ಡ್ರೈವುಗಳಿಗೆ ಎರಡು ಯುಎಸ್‌ಬಿ ಬಾಲ ಇರ್ತಿದ್ದದ್ದು ಇದಕ್ಕೇ. ಅದರ ಮೇಲೆ ನನ್ನ ತಂತಿ ಕೂದಲಷ್ಟು ಸಪೂರ, ಅರ್ಧ ವೋಲ್ಟು ಅದೇ ತಿಂದಿತ್ತು. ದಪ್ಪ ತಂತಿ ಹಾಕಿ, 5 ವೋಲ್ಟ್ 2 ಆಂಪಿನ ಬೇರೆ ಅಡಾಪ್ಟರ್ ಕೊಟ್ಟು, ಕನೆಕ್ಟರ್ ಬುಡದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಬೆಸೆದೆ, ಆಮೇಲೆ 4.85ಕ್ಕಿಂತ ಕೆಳಗೆ ಹೋಗ್ಲಿಲ್ಲ. ಮೂರಕ್ಕೆ ಮೂರೂ ಸರಿಯಾಗೇ ಇದ್ವು ಪಾಪ.

ಎರಡನೇ ಪೆಟ್ಟು ದುಡ್ಡಿನದ್ದು. ಕನೆಕ್ಟರ್ ಮೇಲೆ ನೇರ ಬೆಸೆಯೋದು ಅಸಹ್ಯ, ಡ್ರೈವ್ ಬದಲಿಸೋಕೂ ಆಗೋದಿಲ್ಲ, ಅದಕ್ಕೆ ಡ್ರೈವನ್ನ ಚುಚ್ಚಿ ತೆಗೆಯೋ ಹಾಗೆ ಒಂದು ಸಾಕೆಟ್ ಬೇಕು ಅಂತ ಆನ್‌ಲೈನಲ್ಲಿ ಒಂದು ಕ್ಯಾಡಿ ತರಿಸಿದೆ, ಚಿತ್ರದಲ್ಲಿ ಒಂದು ಕಡೆ 13, ಇನ್ನೊಂದು ಕಡೆ 22 ಕಾಣ್ತಿತ್ತು, ಇನ್ನೇನು ಬೇಕು. ಬಂದ್ಮೇಲೆ ಡ್ರೈವ್ ಚುಚ್ಚೋಕೆ ಹೋದ್ರೆ ಡ್ರೈವಿಂದೂ ಕ್ಯಾಡಿಯ 13ರದ್ದೂ ಎರಡೂ ಗಂಡು! ಆ ಕ್ಯಾಡಿ ಮಾಡೋದು ಉಲ್ಟಾ ಕೆಲಸ, ಡಿವಿಡಿ ಡ್ರೈವ್ ತೆಗ್ದ ಗೂಡಿನಲ್ಲಿ ಹಾರ್ಡ್ ಡಿಸ್ಕ್ ಕೂರಿಸೋಕೆ ಇರೋದು ಅದು, ಹಾಗಾಗಿ ಅದರ ಹಿಂಬದಿ ಡಿವಿಡಿ ಡ್ರೈವಿನ ವೇಷ ಹಾಕಿರ್ತದೆ. ನಮಗೆ ಬೇಕಾದ್ದು 13ರ ಹೆಣ್ಣು, ಅಂದ್ರೆ ಡ್ರೈವಿನ ನಾಲಿಗೆ ಒಳಗೆ ಕೂರೋ ಸಾಕೆಟ್. ಕ್ಯಾಡಿ ದಂಡ ಆಗ್ಲಿಲ್ಲ ಬಿಡಿ, ಅಕ್ಕನ ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಜತೆ ಹಾರ್ಡ್ ಡಿಸ್ಕೂ ಇಡೋಕೆ ಹೋಯ್ತು.

13ರ ಹೆಣ್ಣು ಎಲ್ಲಿ ಸಿಗ್ತದೆ ಅಂತ ನೋಡಿದ್ರೆ ಕಾರವಾರದಲ್ಲಿ ಫ್ರೀ ಸಿಕ್ಕ ಆ ಸಿಡಿಲು ಬಡಿದ ಬಾಡಿಯೊಳಗೇ ಇತ್ತು. ಕೆಲವು ಲ್ಯಾಪ್‌ಟಾಪಲ್ಲಿ ಈ ಸಾಕೆಟ್ ಮದರ್‌ಬೋರ್ಡ್ ಮೇಲೇ ಇರ್ತದೆ, ಬಿಡಿಸೋಕೆ ಹಾಟ್ ಏರ್ ಬೇಕು. ಇದರಲ್ಲಿ ನಮ್ಮ ಅದೃಷ್ಟಕ್ಕೆ ಬೇರೆಯೇ ಒಂದು ತುಂಡು ಬೋರ್ಡು, ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ಒಂದು ಬದಿ ಸಾಕೆಟ್, ಇನ್ನೊಂದು ಬದಿಯಿಂದ ಮದರ್‌ಬೋರ್ಡಿಗೆ ಹೋಗೋ ಚಪ್ಪಟೆ ಫ್ಲೆಕ್ಸ್ ಕೇಬಲ್. ಆ ಫ್ಲೆಕ್ಸಿನ ಕಡೆ ಬೆಸೆಯೋಕೆ ಹೋಗ್ಬೇಡಿ, ಅಲ್ಲಿ ಪಿನ್ನುಗಳು ಅರ್ಧ ಅರ್ಧ ಎಂಎಂ ದೂರಕ್ಕೆ ಇರೋದು, ನಾನು ಒಂದು ಸಂಜೆ ಹಾಳು ಮಾಡ್ಕೊಂಡೆ. ಸಾಕೆಟ್ ಬುಡದಲ್ಲೇ ಡೇಟಾ ಕಾಲುಗಳು 1.27 ಎಂಎಂ ದೂರದಲ್ಲಿ, ಪವರ್ ಕಾಲುಗಳು 1 ಎಂಎಂ ದೂರದಲ್ಲಿ ಸಾಲಾಗಿ ಅವೆ, ಸಪೂರ ಮೊನೆಯ ಐರನ್ನು, ಸ್ವಲ್ಪ ಫ್ಲಕ್ಸು, ಕನ್ನಡಕ, ಇಷ್ಟಿದ್ರೆ ಆಗ್ತದೆ. ಯಾವ ಕಾಲು ಯಾವುದು ಅಂತ ಮತ್ತೆ ಅದೇ ನೆಲದ ಲೆಕ್ಕ, ಸತ್ತ ಡ್ರೈವ್ ಒಂದನ್ನ ಸಾಕೆಟ್ಟಿಗೆ ಚುಚ್ಚಿ ಅದರ ತಗಡಿಂದ ಬೀಪ್ ನೋಡಿದ್ರೆ ತಲೆಕೆಳಗಾಗೋ ಭಯವೇ ಇಲ್ಲ.

ಡೇಟಾ ತಂತಿಗೆ ಬೇರೆ ವಯರ್ ಹುಡುಕ್ಬೇಡಿ. ಡೆಸ್ಕ್‌ಟಾಪಿನ ಕೆಂಪು ಸಾಟಾ ಕೇಬಲ್ ಒಂದನ್ನ ಮಧ್ಯೆ ಕತ್ತರಿಸಿ. ಸಿಪ್ಪೆ ಸುಲಿದ್ರೆ ಒಳಗೆ ಎರಡು ಜೋಡಿ, ಒಂದೊಂದು ಜೋಡಿಗೂ ಬೆಳ್ಳಿ ಕಾಗದದ ಸುತ್ತು, ಅದರ ಪಕ್ಕದಲ್ಲಿ ಬರಿಮೈ ಗ್ರೌಂಡ್ ತಂತಿ. ಸೆಕೆಂಡಿಗೆ 1.5 ಗಿಗಾಬಿಟ್ ಓಡೋ ತಂತಿ ಇದು, ಸಿಪ್ಪೆ ಸುಲಿಯೋದು ಒಂದು ಸೆಂಟಿಮೀಟರ್ ಒಳಗೇ ಇರ್ಲಿ, ಜೋಡಿ ಬಿಡಿಸಿ ಆಚೆ ಈಚೆ ಎಳೀಬೇಡಿ, ಗ್ರೌಂಡ್ ತಂತಿ ಬೇಡ ಅಂತ ಕತ್ತರಿಸ್ಲೂ ಬೇಡಿ.

ಮತ್ತೆ ಇಲ್ಲೇ ನಾನು ಎರಡು ದಿನ ಕಳ್ಕೊಂಡದ್ದು. ಎಸ್2 ಎಸ್3 ಒಂದು ಜೋಡಿ, ಎಸ್5 ಎಸ್6 ಇನ್ನೊಂದು ಜೋಡಿ, ಒಂದು ಕಂಪ್ಯೂಟರಿಂದ ಡ್ರೈವಿಗೆ ಹೋಗೋದು, ಇನ್ನೊಂದು ಡ್ರೈವಿಂದ ಬರೋದು. ನಾನು ಮೊದಲು ಸೀರಿಯಲ್ ಪೋರ್ಟ್ ಕೆಲಸ ಮಾಡ್ತಿದ್ದ ಅಭ್ಯಾಸಕ್ಕೆ, ಕಳಿಸೋದು ಆಚೆ ತಗೊಳ್ಳೋದಕ್ಕೆ ಹೋಗ್ಬೇಕಲ್ಲ ಅಂತ ಜೋಡಿ ಅದಲುಬದಲು ಮಾಡಿ ಬೆಸೆದೆ, ಬಹಳ ಜಾಣ ಅಂದ್ಕೊಂಡು. ಸಾಟಾದಲ್ಲಿ ಆ ಅದಲುಬದಲು ಕನೆಕ್ಟರಿನ ಹೆಸರಲ್ಲೇ ಮಾಡಿ ಇಟ್ಟಿದ್ದಾರೆ, ಕಂಪ್ಯೂಟರ್ ಬದಿಯ ಎಸ್2 ಕಳಿಸ್ತದೆ, ಡ್ರೈವ್ ಬದಿಯ ಎಸ್2 ತಗೊಳ್ತದೆ, ಹಾಗಾಗಿ ಒಂದಕ್ಕೆ ಒಂದು, ಎರಡಕ್ಕೆ ಎರಡು, ನೆಟ್ಟಗೆ ಹೋಗ್ಬೇಕು. ಅದನ್ನ ಬಿಡಿಸಿ ಮತ್ತೆ ಹಾಕುವಾಗ ಇನ್ನೊಂದು ಗುಂಡಿಗೆ ಬಿದ್ದೆ, ಮೊದಲ ಜೋಡಿ ಪ್ಲಸ್ ಮೈನಸ್ ಅಂತ ಬರ್ತದೆ, ಎರಡನೇದು ಮೈನಸ್ ಪ್ಲಸ್ ಅಂತ, ಕನ್ನಡಿಯಲ್ಲಿ ನೋಡಿದ ಹಾಗೆ. ಹೆಸರು ನೋಡಿ ಬೆಸೆಯೋದಕ್ಕಿಂತ ಪಿನ್ ನಂಬರ್ ನೋಡಿ ಬೆಸೀರಿ, ಅದೇ ಸುಲಭ.

ಇಷ್ಟಾದ್ರೂ ಡ್ರೈವ್ ಕಾಣ್ಲಿಲ್ಲ. ನಾನು ಆಗ ಬಳಸ್ತಿದ್ದದ್ದು ಹಳೇ ಪೋರ್ಟಬಲ್ ಹಾರ್ಡ್ ಡಿಸ್ಕ್ ಡಬ್ಬಿಯ ಬೋರ್ಡು, ಸಾಟಾದಿಂದ ಯುಎಸ್‌ಬಿ ಮಾಡೋ ಚಿಪ್ಪು ಅದರಲ್ಲಿ. ಕಂಪ್ಯೂಟರಲ್ಲಿ ಡಬ್ಬಿ ಕಾಣ್ತಿತ್ತು, ಡ್ರೈವ್ ಇಲ್ಲ. ನನ್ನ ಬೆಸುಗೆಯ ತಪ್ಪೋ ಬೋರ್ಡಿನ ತಪ್ಪೋ ಅಂತ ಬಿಡಿಸ್ಕೊಳ್ಳೋಕೆ ಅಟ್ಟದ ಮೇಲಿನ ಡೆಸ್ಕ್‌ಟಾಪ್ ಕೆಳಗೆ ಇಳಿಸಿದೆ, ಕತ್ತರಿಸಿದ ಕೇಬಲಿನ ಇನ್ನೊಂದು ತುದಿ ಹೇಗೂ ಮಾಮೂಲಿ ಸಾಟಾ ಪ್ಲಗ್ಗು, ಮದರ್‌ಬೋರ್ಡಿಗೆ ನೇರ ಚುಚ್ಚಿದೆ, ಒಂದೇ ಸಲಕ್ಕೆ ಬಂತು. ಅಲ್ಲಿಗೆ ಬೆಸುಗೆ ಪಾಸು. ಹಾರ್ಡ್ ಡಿಸ್ಕಿಗೆ ಅಂತ ಮಾಡಿದ ಕೆಲವು ಬೋರ್ಡುಗಳಿಗೆ ಡಿಸ್ಕಿನ ಭಾಷೆ ಮಾತ್ರ ಬರ್ತದೆ, ಡಿವಿಡಿ ಡ್ರೈವು ಮಾತಾಡೋ ಅಟಾಪಿ ಅನ್ನೋ ಭಾಷೆ ಬರೋದಿಲ್ಲ. ಕನೆಕ್ಟರ್ ಎಷ್ಟು ಚಂದ ಕೂತ್ರೂ ಅವು ಇದನ್ನ ಗುರುತೇ ಹಿಡಿಯೋದಿಲ್ಲ. ಬೋರ್ಡ್ ತಗೊಳ್ಳುವಾಗ ಡಿವಿಡಿ ಡ್ರೈವಿಗೂ ಆಗ್ತದಾ ಅಂತ ಕೇಳಿಯೇ ತಗೊಳ್ಳಿ.

ಭಾವನ ಹತ್ತಿರ ಒಂದು ಹಳೇ ಮೂರುಬಾಯಿ ಕನ್ವರ್ಟರ್ ಇತ್ತು, 40 ಪಿನ್ನು, 44 ಪಿನ್ನು, ಸಾಟಾ ಮೂರೂ ಇರೋದು, ಅಡಿಕೆ ಮಂಡಿ ಕಂಪ್ಯೂಟರ್ ರಿಪೇರಿ ಮಾಡ್ತಿದ್ದ ಕಾಲದ್ದು. "ವಾಪಸ್ ಕೊಡೂಕೆ ಮರೀಬೇಡ ಮಾರಾಯ" ಅಂತ ಮೂರು ಸಲ ಹೇಳಿ ಕೊಟ್ರು. ಅದಕ್ಕೆ ಡಿವಿಡಿ ಭಾಷೆ ಬರ್ತದೆ. ಜತೆಗೆ ನಾಲ್ಕು ತಂತಿಯ ಪವರ್ ಅಡಾಪ್ಟರೂ ಬರ್ತದೆ, ಅದರಲ್ಲಿ ಕೆಂಪು 5 ವೋಲ್ಟು, ಹಳದಿ 12 ವೋಲ್ಟು, ಕಪ್ಪು ಎರಡು ಗ್ರೌಂಡು. ಲ್ಯಾಪ್‌ಟಾಪ್ ಡ್ರೈವಿಗೆ ಬೇಕಾದ್ದು ಕೆಂಪು ಮತ್ತೆ ಕಪ್ಪು ಮಾತ್ರ. ಹಳದಿ ತಂತಿಯ ತುದಿ ಕತ್ತರಿಸಿ, ಟೇಪ್ ಸುತ್ತಿ, ಮಡಚಿ, ಮತ್ತೊಂದು ಟೇಪ್ ಸುತ್ತಿ. ಅದು ಒಂದು ಸಲ ಪಿ2ಗೆ ತಾಗಿದ್ರೆ ಡ್ರೈವಿಗೆ ಎಳ್ಳುನೀರು. ಬೇರೆ ಅಡಾಪ್ಟರಿಂದ ಪವರ್ ಕೊಡ್ತೀರಿ ಅಂತಾದ್ರೆ ಅದರ ಗ್ರೌಂಡೂ ಡೇಟಾ ಬೋರ್ಡಿನ ಗ್ರೌಂಡೂ ಒಂದಾಗಿರ್ಬೇಕು, ಮತ್ತೆ ಅಡಾಪ್ಟರಿನ 5 ವೋಲ್ಟನ್ನ ಲ್ಯಾಪ್‌ಟಾಪ್ ಯುಎಸ್‌ಬಿಯ ಕೆಂಪು ತಂತಿಗೆ ಸೇರಿಸ್ಬಾರದು, ಕರೆಂಟ್ ಹಿಂದಕ್ಕೆ ನುಗ್ತದೆ.

ಐಡಿಇ ಡ್ರೈವುಗಳ ವಿಷಯ ಬೇಗ ಹೇಳಿ ಮುಗಿಸ್ತೇನೆ. 0.8 ಎಂಎಂ ದೂರದ 50 ಕಾಲಿಗೆ ಕೈಯಲ್ಲಿ ಬೆಸೆಯೋ ವಯಸ್ಸು ನಂದಲ್ಲ, 50ರಿಂದ 40 ಮಾಡೋ ಸಿದ್ಧ ತುಂಡು ಬೋರ್ಡ್ ಸಿಗ್ತದೆ, ಅದನ್ನೇ ತರಿಸಿದೆ. ಆ 50ರಲ್ಲೂ ಪವರ್ 5 ವೋಲ್ಟ್ ಒಂದೇ, 38ರಿಂದ 42ರವರೆಗೆ ಐದು ಪಿನ್ನು 5 ವೋಲ್ಟು, 43ರಿಂದ 46 ಗ್ರೌಂಡು, ಬೀಪ್ ಹಾಕಿ ನೋಡಿದ್ರೆ ಗುಂಪಾಗಿ ಸಿಗ್ತದೆ. ಮೊದಲ ಮೂರು ಪಿನ್ನು ಆಡಿಯೋ, ಎಡ, ಬಲ, ಅದರ ಗ್ರೌಂಡು, ಹಾಡಿನ ಸಿಡಿಯ ಶಬ್ದ ನೇರ ಹೊರಗೆ ತರೋಕೆ ಇಟ್ಟದ್ದು. ತೊಂದ್ರೆ ಕೊಡೋದು 47. ಒಂದೇ ಐಡಿಇ ಕೇಬಲಿಗೆ ಎರಡು ಡ್ರೈವ್ ಹಾಕಿದ್ರೆ ಒಂದಕ್ಕೆ ಮಾಸ್ಟರ್, ಇನ್ನೊಂದಕ್ಕೆ ಸ್ಲೇವ್ ಅಂತಾರೆ, 47 ಗ್ರೌಂಡಿಗೆ ಸೇರಿದ್ರೆ ಡ್ರೈವು ಮಾಸ್ಟರ್, ಸುಮ್ನೆ ಬಿಟ್ರೆ ಸ್ಲೇವ್. ನಾನು ತರಿಸಿದ ತುಂಡಿನಲ್ಲಿ ಅದು ಎಲ್ಲಿಗೂ ಸೇರಿರ್ಲಿಲ್ಲ, ಭಾವನ ಕನ್ವರ್ಟರ್ ಮಾಸ್ಟರನ್ನ ಮಾತ್ರ ಹುಡುಕ್ತಿತ್ತು, ಹಾಗಾಗಿ ಡ್ರೈವ್ ಓಡ್ತಿದ್ರೂ ಕಂಪ್ಯೂಟರಿಗೆ ಕಾಣ್ತಿರ್ಲಿಲ್ಲ. 47ರಿಂದ ಪಕ್ಕದ 48ಕ್ಕೆ, ಅದೂ ಗ್ರೌಂಡೇ, ಒಂದು ಕೂದಲು ತಂತಿ ಬೆಸೆದ ಮೇಲೆ ಒಂದು ಡ್ರೈವ್ ಬಂತು. ಇನ್ನೊಂದು ಹಾಗೆ ಮಾಡಿದ್ರೂ ಬರ್ಲಿಲ್ಲ, ಕೆಲವದ್ರಲ್ಲಿ ಮಾಸ್ಟರ್ ಸ್ಲೇವ್ ಫರ್ಮ್‌ವೇರಲ್ಲೇ, ಅಂದ್ರೆ ಡ್ರೈವಿನೊಳಗಿನ ಪ್ರೋಗ್ರಾಂನಲ್ಲೇ ಕೂತಿರ್ತದೆ, ಪಿನ್ನಿಗೆ ಕಿವಿಗೊಡೋದಿಲ್ಲ.

ಒಂದು ಎಚ್ಚರಿಕೆ, ಮುಚ್ಚಳ ಬಿಚ್ಚಿ ಡ್ರೈವ್ ಓಡಿಸಿ ಲೆನ್ಸಿಗೆ ಬೆಳಕು ಬರ್ತದಾ ಅಂತ ಬಗ್ಗಿ ನೋಡ್ಬೇಡಿ. ಡಿವಿಡಿಯ ಲೇಸರ್ ಕೆಂಪು, 650 ನ್ಯಾನೋಮೀಟರ್, ಸಿಡಿಯದ್ದು 780, ಅದು ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ, ಬರೆಯೋ ಡ್ರೈವಿನದ್ದು ಕಣ್ಣು ಸುಡುವಷ್ಟು ಜೋರು. ಲೆನ್ಸ್ ಒರೆಸೋದಿದ್ರೆ ಪವರ್ ತೆಗ್ದು ಹತ್ತಿ ಕಡ್ಡಿಯಲ್ಲಿ ಮೆಲ್ಲಗೆ ಒರೆಸಿ.

ಇಷ್ಟೆಲ್ಲಾ ಆಗಿ ಮೂರನೇ ವಾರ ದೊಡ್ಡಮ್ಮನ ಡಿಸ್ಕ್ ಹಾಕಿದೆ. ಡಿಸ್ಕಿನ ಅಂಚಿಗೆ ಬೂಷ್ಟಿನ ಕಲೆ ಇತ್ತು, ಒದ್ದೆ ಬಟ್ಟೆಯಲ್ಲಿ ನಡುವಿಂದ ಅಂಚಿಗೆ ಒರೆಸಿದೆ, ಸುತ್ತಿ ಸುತ್ತಿ ಅಲ್ಲ, ಸುತ್ತಿದ್ರೆ ಬೀಳೋ ಗೀರು ಓದೋ ದಾರಿಯ ಉದ್ದಕ್ಕೇ ಬೀಳ್ತದೆ. ನೇರ ಪ್ಲೇ ಮಾಡೋಕೆ ಹೋಗ್ಲಿಲ್ಲ, ಹಾಳಾದ ಜಾಗದಲ್ಲಿ ಪ್ಲೇಯರ್ ಅಲ್ಲೇ ಗಿರಕಿ ಹೊಡೀತದೆ. ಲಿನಕ್ಸಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಪ್ರೋಗ್ರಾಂ ಅದೆ, ಬ್ಲಾಕ್ ಅಳತೆ 2048 ಕೊಟ್ಟು, ಮ್ಯಾಪ್ ಫೈಲ್ ಇಟ್ಟು, ಮೊದಲ ಸುತ್ತಿಗೆ ಸುಲಭದ್ದನ್ನೆಲ್ಲ ನಕಲು ಮಾಡಿ ಕಷ್ಟದ್ದನ್ನ ಬಿಟ್ಟು ಮುಂದೆ ಹೋಗು ಅಂತ ಹೇಳಿದೆ. ಅರ್ಧ ದಾರಿಯಲ್ಲಿ ಕರೆಂಟ್ ಹೋಯ್ತು, ನಮ್ಮಲ್ಲಿ ಗಾಳಿಮಳೆ ಅಂದ್ರೆ ಅದು ಇದ್ದದ್ದೇ. ರಾತ್ರಿ ಕರೆಂಟ್ ಬಂದ್ಮೇಲೆ ಅದೇ ಆಜ್ಞೆ ಮತ್ತೆ ಕೊಟ್ರೆ ಮ್ಯಾಪ್ ಫೈಲ್ ನೋಡ್ಕೊಂಡು ನಿಂತಲ್ಲಿಂದಲೇ ಶುರು ಮಾಡ್ತು.

ಮೊದಲ ಡ್ರೈವ್ ಕೊನೇ ಕಾಲು ಭಾಗಕ್ಕೆ ಬಂದು ಉಸಿರು ಕಟ್ಟಿ ಕೂತ್ತು. ಎಂಟು ಡ್ರೈವ್ ತಂದದ್ದು ಉಪಯೋಗಕ್ಕೆ ಬಂದದ್ದು ಇಲ್ಲಿ. ಒಂದು ಡ್ರೈವಿಗೆ ಓದೋಕಾಗದ್ದು ಇನ್ನೊಂದಕ್ಕೆ ಆಗ್ತದೆ, ಲೇಸರ್ ಸವೆದದ್ದು ಬೇರೆ ಬೇರೆ, ಲೆನ್ಸ್ ಕೂತ ಕೋನ ಬೇರೆ ಬೇರೆ. ಸಾಕೆಟ್ ಇದ್ದದ್ದಕ್ಕೆ ಡ್ರೈವ್ ಕಿತ್ತು ಇನ್ನೊಂದು ಚುಚ್ಚಿ ಅದೇ ಮ್ಯಾಪ್ ಫೈಲಿಗೆ ಮುಂದುವರಿಸಿದೆ. 9.5 ಎಂಎಂನ ಸಪೂರ ಡ್ರೈವು ಮೊದಲನೇದು ಬಿಟ್ಟದ್ದರಲ್ಲಿ ಹೆಚ್ಚಿನದನ್ನ ಓದ್ತು. ಕೊನೆಗೆ ಆ 47ರ ಐಡಿಇ ಡ್ರೈವನ್ನೂ ಕೂರಿಸಿದೆ, ಅತ್ಯಂತ ಹಳೇದು ಅದೇ, ಉಳಿದೆರಡೂ ಕೈಬಿಟ್ಟ ಜಾಗದಲ್ಲಿ ಅದು ಒಂದಷ್ಟು ಎತ್ತಿ ಕೊಡ್ತು. ಕಡೆಗೆ ಓದ್ಲಿಕ್ಕಾಗದೇ ಉಳಿದದ್ದು 3 ಎಂಬಿಗಿಂತ ಕಡಿಮೆ.

ಫೈಲನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ. ವಿಡಿಯೋದವ ಕ್ಯಾಮೆರಾ ಪೂರಾ ವೇಷದ ಮೇಲೇ ಇಟ್ಟಿದ್ದ, ಹಿಂದೆ ಭಾಗವತರು ಅರ್ಧ, ದೊಡ್ಡಪ್ಪನದ್ದು ಬಲಮೂಲೆಯಲ್ಲಿ ಎರಡು ಕೈ ಮತ್ತೆ ಮದ್ದಳೆಯ ಒಂದು ಬದಿ ಮಾತ್ರ, ಮುಖ ಇಡೀ ಆಟದಲ್ಲಿ ಎರಡೇ ಸಲ ಕಾಣ್ತದೆ, ಅದೂ ವೇಷ ಬಗ್ಗಿದಾಗ. ಓದ್ಲಿಕ್ಕಾಗದ ಜಾಗದಲ್ಲಿ ಚಿತ್ರ ಹಸಿರು ಚೌಕ ಚೌಕ ಆಗಿ ಒಡೀತು, ನಾನು ಇದು ಡಿಸ್ಕಿನದ್ದೇ ತೊಂದ್ರೆ ಅಂತ ವಿವರಿಸೋಕೆ ಹೊರಟೆ, ದೊಡ್ಡಮ್ಮ ಟಿವಿಯಿಂದ ಕಣ್ಣು ತೆಗೀದೇ "ಸೌಂಡ್ ಸ್ವಲ್ಪ ಜಾಸ್ತಿ ಮಾಡಾ" ಅಂದ್ರು.

ವಾಪಸ್ ಬರುವಾಗ ಪಕ್ಕದ ಮನೆಯವರು ಅವರ ಮಗನ ಉಪನಯನದ್ದು ಅಂತ ನಾಲ್ಕು ಡಿಸ್ಕ್ ಕೈಗೆ ಕೊಟ್ಟಿದ್ದಾರೆ. ಭಾವನ ಕನ್ವರ್ಟರ್ ಇನ್ನೂ ನನ್ನ ಹತ್ತಿರವೇ ಅದೆ.